ಬಿಸಿಲಿಗೆ ಮೂರು ಸೀನು

ಅಪ್ಪಾ,

ಬೆಂಡಿಗೊ ರೈಲಿಗೆ ಹೊರಟೆ. ಮಾಂಸದ ಪೈ ಫ್ರಿಜ್ಜಿನಲ್ಲಿದೆ, ಬಿಸಿ ಮಾಡ್ಕೊಂಡು ತಿನ್ನು. ಅರ್ಧ ನಾಯಿಗೆ ಹಾಕಬೇಡ.

ನಿನ್ನೆ ನಂಗೆ ಬಂದ ಪತ್ರ ಓದ್ತೀನಿ ಕೂತ್ಕೋ ಅಂದ್ರೆ, "ಹುಲ್ಲು ಕತ್ತರಿಸಬೇಕು" ಅಂತ ಎದ್ದು ಹೋದೆ. ಈ ಚಳೀಲಿ ಎಂಥ ಹುಲ್ಲಪ್ಪಾ! ಅದಕ್ಕೇ ಇಲ್ಲಿ ಬರೀತಿದ್ದೀನಿ, ಓದಲೇಬೇಕು.

ನಾನು ಹುಟ್ಟೋಕೆ ವೀರ್ಯದಾನ ಮಾಡಿದವರು ಮೂವತ್ತಾರು ವರ್ಷ ಆಸ್ಪತ್ರೆ ಕಡತದಲ್ಲಿ ಬರೀ 'ಕೆ 19' ಆಗಿದ್ರು. ಕೇಳಿದ ಮಕ್ಕಳಿಗೆ ಹೆಸರು ಹೇಳಲೇಬೇಕು ಅಂತ ಕಾನೂನು ಬಂತು, ಕೇಳಿದೆ. ಲಾಕ್ಲನ್ ಪೆಟಿಗ್ರೂ ಅಂತೆ. ಇವತ್ತು ನೋಡೋಕೆ ಹೋಗ್ತಿರೋದು ಅವರನ್ನೇ. ಪತ್ರದಲ್ಲಿ ಬರೆದಿದ್ದಾರೆ: "ನನ್ನ ಬಗ್ಗೆ ಹೇಳೋಕೆ ಹೆಚ್ಚೇನಿಲ್ಲಮ್ಮ. ನೆರಳಿಂದ ಬಿಸಿಲಿಗೆ ಕಾಲಿಟ್ಟರೆ ಮೂರು ಸಲ ಸೀನ್ತೀನಿ. ನಮ್ಮಪ್ಪನೂ ಹಾಗೇ ಸೀನ್ತಿದ್ದ."

ಮೈ ಜುಂ ಅಂತು ಅಪ್ಪಾ. ಬಿಸಿಲಿಗೆ ಬಂದ್ರೆ ನಂದೂ ಮೂರೇ ಅಲ್ವಾ! ನಾನು ಕಂಡೇ ಇರದ ಮುದುಕನೊಬ್ಬನ ಸೀನು ದಾರಿ ಹುಡುಕ್ಕೊಂಡು ನನ್ನ ಮೂಗಿನವರೆಗೂ ಬಂದಿದೆ.

ನೀನೋ, ಹೂವಿನ ಧೂಳಿಗೆ ಮಗು ಸೀನುತ್ತೆ ಅಂತ ಅಜ್ಜಿ ನೆಟ್ಟಿದ್ದ ವಾಟಲ್ ಮರಾನೇ ಕಡಿದು ಹಾಕಿದೆ. ಮಾರನೇ ದಿನ ನಾನು ಆ ಬೊಡ್ಡೆ ಮೇಲೆ ಬಿಸಿಲಲ್ಲಿ ನಿಂತ್ಕೊಂಡು ಮತ್ತೆ ಮೂರು ಸಲ ಸೀನಿದೆ.

ಬಾಗಿಲ ಪಕ್ಕ ಬಕೆಟ್ಟಿನಲ್ಲಿ ವಾಟಲ್ ಸಸಿ ಇಟ್ಟಿದ್ದೀನಿ. ನೀರು ಹಾಕು, ನೆಡಬೇಡ. ಸಂಜೆ ಬರ್ತೀನಿ, ಇಬ್ಬರೂ ಸೇರಿ ನೆಡೋಣ.

ಅಲ್ಲಿ ಅವರು ನಿನ್ನ ಬಗ್ಗೆ ಕೇಳಿದ್ರೆ ಏನು ಹೇಳಬೇಕು ಅಂತ ಯೋಚಿಸಿಟ್ಟಿದ್ದೀನಿ: ಸೀನು ನಿಮ್ಮದು, ಆ ಸೀನಿಗೆ ಹೆದರಿ ಮರ ಕಡಿದವನು ನಮ್ಮಪ್ಪ.

ಟೆಸ್