ಬುಟ್ಟಿಯ ತಳ

ಅಣ್ಣನಿಗೆ ನಮಸ್ಕಾರ.

ಅಂಚೆ ಕಚೇರಿಯಲ್ಲಿ ನಿಂತುಕೊಂಡೇ ಬರೆಯುತ್ತಿದ್ದೇನೆ. ನಾನೂ ನನ್ನ ಹೆಂಡತಿಯೂ ದಿನವಿಡೀ ಬಾಡಿಗೆ ಸೈಕಲ್ ತುಳಿದೆವು, ಈಗ ಕೂರಲಾಗುತ್ತಿಲ್ಲ. ಅದು ಬಿಟ್ಟರೆ ಆರೋಗ್ಯ.

ಈ ಊರು ನನಗೆ ಯಾಕೋ ಸರಿಕಾಣುತ್ತಿಲ್ಲ. ದಾರಿಯುದ್ದಕ್ಕೂ ಪ್ಲಮ್ ತೋಟಗಳು, ಒಂದಕ್ಕೂ ಬೇಲಿಯಿಲ್ಲ, ಕಾವಲಿಲ್ಲ. ಏಣಿಗಳನ್ನು ಮರಕ್ಕೆ ಒರಗಿಸಿಯೇ ಬಿಟ್ಟುಹೋಗಿದ್ದಾರೆ. ಸೈಕಲ್ ಅಂಗಡಿಯವನು ನಮ್ಮ ಹೆಸರು ಕೂಡ ಕೇಳಲಿಲ್ಲ. ಇದರಲ್ಲೇನೋ ಇದೆ ಅಂತ ಆಗಲೇ ಅನ್ನಿಸಿತ್ತು.

ಮಧ್ಯಾಹ್ನ ಒಂದು ತೋಟದಲ್ಲಿ ಒಂದು ಬುಟ್ಟಿ ಹಣ್ಣು ಕೊಂಡೆವು. ಮೇಲೆಲ್ಲ ಮೆತ್ತಗಿನ, ಚುಕ್ಕೆ ಬಿದ್ದ ಹಣ್ಣು. ಮೇಲಿನದ್ದೇ ಹೀಗಿದ್ದರೆ ತಳದ ಕಥೆಯೇನು? ನಮ್ಮ ಹಣ್ಣಿನಂಗಡಿಯಲ್ಲಿ ಇಪ್ಪತ್ತು ವರ್ಷ ನಿನ್ನ ಪಕ್ಕ ಕೂತು ಬುಟ್ಟಿ ತುಂಬಿದವನಿಗೆ ಇದನ್ನು ಹೇಳಿಕೊಡಬೇಕೇ? ಇವಳು ಬೇಡ ಬೇಡ ಅಂದರೂ ಕೇಳದೆ ತೋಟದ ಯಜಮಾನಿಯ ಎದುರೇ ಬುಟ್ಟಿಯನ್ನು ಚಾಪೆಗೆ ಸುರಿದೆ. ತಳದಲ್ಲಿದ್ದವು ಒಂದಕ್ಕಿಂತ ಒಂದು ದಪ್ಪ, ಗಟ್ಟಿ, ಒಂದು ಗೀರೂ ಇಲ್ಲ!

ಆಕೆ ಕಣ್ಣು ಕಣ್ಣು ಬಿಟ್ಟಳು. "ಮೆತ್ತಗಿರೋದನ್ನ ಕೆಳಗೆ ಹಾಕಿದ್ರೆ ಅಪ್ಪಚ್ಚಿ ಆಗಲ್ವಾ? ನಿಮ್ಮೂರಲ್ಲಿ ಕೆಳಗೆ ಏನ್ ಹಾಕ್ತೀರಿ?"

ಇವಳು ಆ ಕಡೆ ತಿರುಗಿ ನಗುತ್ತಿದ್ದಳು.

"ತುಂಬೋದೆಲ್ಲ ನಮ್ಮಣ್ಣ. ನಂಗೇನೂ ಗೊತ್ತಿಲ್ಲಮ್ಮ" ಅಂದುಬಿಟ್ಟೆ.

"ಹಾಗಾದ್ರೆ ಅವರ ವಿಳಾಸ ಕೊಡಿ, ಕಾಗದ ಹಾಕಿ ಕೇಳ್ತೀನಿ."

ಯಾವ ಉದ್ದೇಶಕ್ಕೆ ಕೇಳಿದಳೋ ಏನೋ, ನಾನಂತೂ ಕೊಡಲಿಲ್ಲ. ಇವಳು ಕೊಟ್ಟುಬಿಟ್ಟಿದ್ದಾಳೆ. ಕಾಗದ ಬಂದರೆ ಏನಾದರೂ ಯೋಚಿಸಿ ಬರೆ.

ಅವಸರದಲ್ಲಿ,
ನಿನ್ನ ತಮ್ಮ