ತೆಗೆದದ್ದು ಯಾವ ಪ್ಲಾಕಾ?

ಮಾನ್ಯ ಮೂಳೆ ವಿಭಾಗದ ಮುಖ್ಯಸ್ಥರೇ,

ಕನಸಿನಲ್ಲಿ ನನ್ನ ತಂಗಿ ಇಲಾರಿಯಾ ಹಿಮದ ಬಯಲಲ್ಲಿ ಆಲೂಗಡ್ಡೆ ತುಳಿಯುತ್ತಿದ್ದಳು. ಹೆಜ್ಜೆಹೆಜ್ಜೆಗೂ ಟಣ್ ಟಣ್ ಸದ್ದು. ಬಗ್ಗಿ ನೋಡಿದರೆ ಪಾದವಿಲ್ಲ, ನೀವು ಕಾಲಿಗೆ ಕೂರಿಸಿದ ತಗಡಷ್ಟೇ ಇದೆ. ಅಂದಿನಿಂದ ದಿನಕ್ಕೆ ನಾಲ್ಕು ಸಲ ಅವಳ ಕಾಲು ಮುಟ್ಟಿ ನೋಡುತ್ತೇನೆ. "ಬಿಡಕ್ಕಾ, ನಾನೇನ್ ಹಣ್ಣಾ, ಹಿಸುಕಿ ನೋಡಕ್ಕೆ?" ಎಂದು ಬೈಯುತ್ತಾಳೆ. ಆ ತಗಡು ಅವಳ ಕಾಲೊಳಗೇ ಇದೆ, ಸ್ವಾಮಿ. ಹೊರಗೆ ಬಂದಿರುವುದು ನಿಮ್ಮ ದಾಖಲೆಯಲ್ಲಿ ಮಾತ್ರ.

ನಾನು ನಾಲ್ಕನೇ ತರಗತಿಗೇ ಶಾಲೆ ಬಿಟ್ಟವಳು, ತಪ್ಪಿದ್ದರೆ ತಿದ್ದಿಕೊಂಡು ಓದಿ. ಕಳೆದ ವರ್ಷ ಇಲಾರಿಯಾ ಬಸ್ಸಿನ ಮೆಟ್ಟಿಲಿಂದ ಜಾರಿ, ಹರಡಿಗೆ ನಾಲ್ಕು ಬೆರಳು ಮೇಲೆ ಕಾಲಿನ ಮೂಳೆ ಮುರಿದುಕೊಂಡಳು. ಆಗ ನಿಮ್ಮಲ್ಲಿ ಹೋಲಿಕೆಯ ಪರೀಕ್ಷೆ ನಡೆದಿತ್ತು. ಅರ್ಧ ಜನಕ್ಕೆ ಮಂಡಿಯಿಂದ ಮೂಳೆಯೊಳಗೆ ಇಳಿಸುವ ಸರಳು, ಇನ್ನರ್ಧಕ್ಕೆ ಚರ್ಮದಡಿ ಸ್ಕ್ರೂ ಹಾಕಿ ಕೂರಿಸುವ ತಗಡು. ಯಾರಿಗೆ ಯಾವುದೆಂದು ಮುಚ್ಚಿದ ಲಕೋಟೆ ಹೇಳುತ್ತದಂತೆ. ಒಪ್ಪಿ ಸಹಿ ಹಾಕಿದೆವು, ತಗಡು ಬಂತು. ಆದರೆ ಆ ಜಾಗದಲ್ಲಿ ಮಾಂಸವೆಲ್ಲಿದೆ? ಇರುವುದು ಬೆಳ್ಳುಳ್ಳಿ ಸಿಪ್ಪೆಯಂಥ ಚರ್ಮ. ನಮ್ಮ ಚಳಿಗಾಲದ ಜೂನ್ ತಿಂಗಳ ಹಿಮದಲ್ಲಿ, ಒಣಗಿಸಿ ಚುನ್ಯೊ ಮಾಡಲು ಹೆಪ್ಪುಗಟ್ಟಿದ ಆಲೂಗಡ್ಡೆಯನ್ನು ಬರಿಗಾಲಲ್ಲಿ ತುಳಿಯುವವಳಿಗೆ ಅದು ಸಾಕೇ ಎಂದು ನಿಮ್ಮ ಲಕೋಟೆ ಕೇಳಲಿಲ್ಲ. ಈ ಜೂನಿನಲ್ಲಿ ಚರ್ಮ ಬಿರಿದು ಕೀವು ಸುರಿಯಿತು.

ನಿಮ್ಮ ವೈದ್ಯರು ನೋಡಿ, "ಪ್ಲಾಕಾ ತೆಗೀಬೇಕಮ್ಮ, ತಡ ಮಾಡಿದ್ರೆ ಮೂಳೆಗಿಳಿಯುತ್ತೆ, ಆಮೇಲೆ ಕಾಲು ಉಳಿಯೋದು ಕಷ್ಟ" ಎಂದರು. ಚೀಟಿಯಲ್ಲೂ ಅಷ್ಟೇ ಬರೆದರು: ಪ್ಲಾಕಾ ತೆಗೆಯುವುದು. ನಮ್ಮ ಪೂನೊ ಸೀಮೆಯಲ್ಲಿ ಕಾಲೊಳಗಿನ ತಗಡೂ ಪ್ಲಾಕಾ, ಎಕ್ಸ್‌ರೇ ಚಿತ್ರವೂ ಪ್ಲಾಕಾ, ಎರಡನ್ನೂ ತೆಗೆಯುವುದೇ. ಇಷ್ಟು ಓದಿದವರಿಗೆ ಇದು ಹೊಳೆಯಬಾರದಿತ್ತೇ? ಗುರುವಾರ ಅವಳನ್ನು ಎಕ್ಸ್‌ರೇ ಕೋಣೆಗೆ ಕರೆದೊಯ್ದರು.

"ಆಯ್ತಮ್ಮಾ, ತೆಗೆದಾಯ್ತು. ಹೊರಡಿ," ಎಂದ ಅಲ್ಲಿದ್ದವನು.

"ಇಷ್ಟು ಬೇಗ? ಕುಯ್ಯಲೇ ಇಲ್ವಲ್ಲಪ್ಪ," ಎಂದಳು ಇಲಾರಿಯಾ.

"ಚಿತ್ರ ತೆಗೆಯಕ್ಕೆ ಯಾರಾದ್ರೂ ಕುಯ್ತಾರಾ?" ಎಂದು ಅವನು ನಕ್ಕ.

ಚೀಟಿಗೆ ಮುದ್ರೆ ಬಿತ್ತು. ಕಿಟಕಿಯಲ್ಲಿ ಕೂತವಳನ್ನು, ತಗಡು ತೆಗೆಯಲು ಯಾವ ದಿನ ಬರಬೇಕೆಂದು ಕೇಳಿದೆ. ಅವಳು ಪುಸ್ತಕ ತಿರುಗಿಸಿ ತೋರಿಸಿದಳು: ಪ್ಲಾಕಾ ತೆಗೆಯಲಾಗಿದೆ, ಗುಣಮುಖ. "ಗುಣ ಆದೋರಿಗೆ ಆಪರೇಷನ್ ದಿನ ಹೆಂಗೆ ಕೊಡ್ಲಿ, ನೀವೇ ಹೇಳಿ?"

ಆ ಕಿಟಕಿಯ ಪಕ್ಕದ ಗೋಡೆಯಲ್ಲೇ ನಿಮ್ಮ ಪರೀಕ್ಷೆಯ ಫಲಿತಾಂಶ ತೂಗುತ್ತಿದೆ: ಸರಳು, ತಗಡು, ಎರಡೂ ಸಮ. ಗುಣಮುಖ ಎಂದು ಬರೆದು ನನ್ನ ತಂಗಿಯ ಕೀವನ್ನು ಕೆಳಗಿಳಿಸಿ ತೂಗಿದರೆ ತಕ್ಕಡಿ ಸಮವಾಗದೆ ಇರುತ್ತದೆಯೇ? ಯಾವುದು ಮೇಲೆಂದು ಹೇಳುವ ವಿದ್ಯೆ ನನಗಿಲ್ಲ. ನಾಳೆ ಕಾಲು ಮುರಿದುಕೊಂಡು ಬರುವ ಇನ್ನೊಬ್ಬಳಿಗಾದರೂ ಸತ್ಯ ಹೇಳಿ.

ಈ ವಾರವೇ ತಗಡು ಹೊರಗೆ ಬರಬೇಕು. ಅದಕ್ಕೇ ಈ ಪತ್ರವನ್ನು ರೇಡಿಯೊದವರಿಗೂ ಕೊಟ್ಟಿದ್ದೇನೆ. ನನ್ನ ಮಾತು ನಂಬಬೇಡಿ. ಗುರುವಾರದ ಆ ಚಿತ್ರವನ್ನು ಬೆಳಕಿಗೆ ಹಿಡಿದು ದಯವಿಟ್ಟು ಇನ್ನೊಮ್ಮೆ ನೋಡಿ. ನೀವು ತೆಗೆದೆವೆನ್ನುವ ಪ್ಲಾಕಾ, ನೀವೇ ತೆಗೆದ ಪ್ಲಾಕಾದಲ್ಲಿ ಏಳು ಸ್ಕ್ರೂಗಳ ಸಮೇತ ಇದೆಯೋ ಇಲ್ಲವೋ?

ಇಂತಿ,
ನಿಮ್ಮ ಪುಸ್ತಕದಲ್ಲಿ ಗುಣವಾದವಳ ಅಕ್ಕ,
ಸತುರ್ನಿನಾ ಕೆಂಟಾ