ಹೊಡೆಯಬಾರದ ಊರುಗಳ ಪಟ್ಟಿ

ಮಾರ್ಚ್ ೯, ಭಾನುವಾರ ಬೆಳಗ್ಗೆ

ನನ್ನ ಮುದ್ದಿನ ಜಗಳಗಂಟಿಗೆ,

ಅಪ್ಪನ ಆಶೀರ್ವಾದ. ವಾರಕ್ಕೊಂದು ಕಾಗದ ತಪ್ಪಿಸದವನು ಈ ಸಲ ಆರು ವಾರ ತಡಮಾಡಿದ್ದೇನೆ. ಕೆಲಸವಿತ್ತು, ಕಣ್ಣು ನೋಯುತ್ತಿತ್ತು ಎಂದು ಬರೆಯಬಹುದು. ನೀನು ನಂಬುವುದಿಲ್ಲ, ನಂಬಲೂ ಬೇಡ. ಬರೆಯಲು ಮುಖವಿರಲಿಲ್ಲ, ಅಷ್ಟೇ.

ನಾವು ಚೆನ್ನಾಗಿದ್ದೇವೆ. ನಿನ್ನಮ್ಮ ಹೊಸ ಕನ್ನಡಕ ಹಾಕಿಸಿಕೊಂಡ ಮೇಲೆ ಮನೆಯ ಧೂಳೆಲ್ಲ ಕಾಣತೊಡಗಿದೆ, ನನಗೆ ಉಳಿಗಾಲವಿಲ್ಲ. ತರಬೇತಿಗೆಂದು ಬಂದಿರುವ ಅಳಿಯಂದಿರು ನಾಲ್ಕು ದಿನದಿಂದ ನಮ್ಮಲ್ಲೇ ಇದ್ದಾರೆ. ಇವತ್ತು ಮಧ್ಯಾಹ್ನದ ರೈಲಿಗೆ ಹೊರಡುತ್ತಾರೆ. ಇದು ಅಂಚೆಯಲ್ಲಿ ಬರುವ ಕಾಗದವಲ್ಲ, ಅವರ ಕೈಯಲ್ಲೇ ಕೊಡುತ್ತೇನೆ. ಒಬ್ಬಳೇ ಕೂತು ಓದು. ಓದಿದ ಮೇಲೆ ಸುಟ್ಟು ಹಾಕು.

ಜನವರಿಯಲ್ಲಿ ಎದೆನೋವು ಎಂದು ಸುಳ್ಳು ಹೇಳಿ ನಿನ್ನನ್ನು ಕರೆಸಿಕೊಂಡೆ. ಮುಖ್ಯೋಪಾಧ್ಯಾಯಿನಿ ಹುದ್ದೆಯ ಸಂದರ್ಶನ ಬಿಟ್ಟು ನೀನು ಓಡಿ ಬಂದೆ. ಬಾಗಿಲಲ್ಲೇ ನಿನ್ನಮ್ಮ, "ಎದೆನೋವಾ? ಇವರಿಗಾ? ಬೆಳಗ್ಗೆ ತಾನೆ ಎರಡು ಸಲ ಬಡಿಸ್ಕೊಂಡು ತಿಂದ್ರಲ್ಲೇ!" ಎಂದಳು. ಹುದ್ದೆ ಇನ್ನೊಬ್ಬಳ ಪಾಲಾಯಿತು. ನಾಲ್ಕು ದಿನ ನೀನು ಕೇಳಿದ್ದು ಒಂದೇ ಪ್ರಶ್ನೆ: "ಯಾಕಪ್ಪಾ ಕರೆಸಿದ್ರಿ?" ನಾನು ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಐದನೆಯ ದಿನ ನೀನು ಹೊರಟೇ ಹೋದೆ. ಈಗ ಉತ್ತರ ಬರೆಯುತ್ತಿದ್ದೇನೆ.

ನಾನು ಕಚೇರಿಯಲ್ಲಿ ಟೈಪಿಸ್ಟ್ ಎಂಬುದಷ್ಟೇ ನಿಮಗೆಲ್ಲ ಗೊತ್ತು. ಏನು ಟೈಪು ಮಾಡುತ್ತೇನೆಂದು ನಿನ್ನಮ್ಮನಿಗೂ ಹೇಳಿದವನಲ್ಲ. ನಮ್ಮ ದೇಶಕ್ಕೂ ಪಕ್ಕದ ದೇಶಕ್ಕೂ ಹಳೆಯದೊಂದು ಒಪ್ಪಂದವಿದೆ. ಪ್ರತಿ ವರ್ಷ ಜನವರಿ ಒಂದಕ್ಕೆ, ಒಂದೇ ಹೊತ್ತಿಗೆ, ಇವರು ಅವರಿಗೆ ಒಂದು ಪಟ್ಟಿ ಕೊಡಬೇಕು, ಅವರು ಇವರಿಗೆ ಒಂದು. ತಂತಮ್ಮ ಅಣುಸ್ಥಾವರಗಳು ಎಲ್ಲೆಲ್ಲಿವೆ ಎಂಬ ಪಟ್ಟಿ. ನಾಳೆ ಯುದ್ಧವಾದರೂ ಈ ಜಾಗಗಳ ಮೇಲೆ ಬಾಂಬು ಹಾಕುವುದಿಲ್ಲ ಎಂಬ ಮಾತು ಅದರ ಹಿಂದಿದೆ. ಮಾತಿಗೆ ಬಂದರೆ ಮಾರಾಮಾರಿ ಮಾಡುವ ಇಬ್ಬರು, ಇದೊಂದನ್ನು ಮಾತ್ರ ತಪ್ಪದೆ ನಡೆಸಿಕೊಂಡು ಬಂದಿದ್ದಾರೆ. ಮೂವತ್ತೊಂದು ವರ್ಷ ನಮ್ಮ ಪಟ್ಟಿಯನ್ನು ಟೈಪು ಮಾಡಿದವನು ನಾನು. ಕಂಪ್ಯೂಟರಿನೊಳಗೆ ಯಾರು ಬೇಕಾದರೂ ಇಣುಕಬಹುದು ಎಂದು, ಇದಕ್ಕೆ ಇವತ್ತಿಗೂ ಹಳೆಯ ಟೈಪ್‌ರೈಟರೇ.

ನಾನು ಸೇರಿದ ವರ್ಷ ಪಟ್ಟಿಯಲ್ಲಿ ಒಂಬತ್ತು ಸಾಲುಗಳಿದ್ದವು, ಅರ್ಧ ಪುಟವೂ ತುಂಬುತ್ತಿರಲಿಲ್ಲ. ಈಗ ಎರಡು ಪುಟ. ಅವರದೂ ಹಾಗೆಯೇ ಬೆಳೆದಿದೆ. ಅವನು ಕಟ್ಟಿದ ಎಂದು ಇವನು, ಇವನು ಕಟ್ಟಿದ ಎಂದು ಅವನು. ಈಗ ಬೆಟ್ಟದಾಚೆಯ ಮೂರನೆಯವನೂ ಕಟ್ಟುತ್ತಿದ್ದಾನಂತೆ, ಅವನೊಡನೆ ಪಟ್ಟಿಯೂ ಇಲ್ಲ, ಒಪ್ಪಂದವೂ ಇಲ್ಲ. ಹೊಡೆಯಬಾರದ ಜಾಗಗಳು ಹೀಗೆ ಹೆಚ್ಚುತ್ತಾ ಹೋದರೆ ನಾವು ಕ್ಷೇಮವಾದೆವು ಎಂದರ್ಥವೋ, ಅಪಾಯ ಹೆಚ್ಚಿತು ಎಂದರ್ಥವೋ? ಒಮ್ಮೆ ನಮ್ಮ ಸಾಹೇಬರನ್ನು ಕೇಳಿದ್ದೆ. ಯಾವ ಕಾಗದ ಕೊಟ್ಟರೂ ನಾಲ್ಕು ಅಲ್ಪವಿರಾಮ ಸೇರಿಸದೆ ಸಹಿ ಹಾಕದ ಮನುಷ್ಯ, ಅದಕ್ಕೇ ಕಚೇರಿಯವರೆಲ್ಲ ಬೆನ್ನ ಹಿಂದೆ ಅವರನ್ನು ಅಲ್ಪವಿರಾಮ ಎನ್ನುತ್ತಾರೆ. "ನಿಮ್ಮ ಕೆಲಸ ಟೈಪು ಮಾಡೋದು, ಟೈಪು ಮಾಡಿ," ಎಂದರು.

ನಿನ್ನ ಊರೂ ಆ ಪಟ್ಟಿಯಲ್ಲಿದೆ. ಅಳಿಯಂದಿರು ತಣ್ಣೀರಿನ ಪಂಪು ನೋಡಿಕೊಳ್ಳುವ ಸ್ಥಾವರವೇ ಅದು. ನಿನ್ನ ಮದುವೆಯಾದ ಮೇಲೆ ಆ ಸಾಲು ಬಂದಾಗಲೆಲ್ಲ ನನಗೊಂದು ಸಮಾಧಾನ. ಉಳಿದ ಅಪ್ಪಂದಿರು ಬಾಯಲ್ಲಿ ಹರಸುತ್ತಾರೆ, ನಾನು ಸರ್ಕಾರಿ ಮೊಹರು ಹಾಕಿಸಿ ಹರಸುತ್ತೇನೆ ಎಂದು ಒಳಗೊಳಗೇ ಬೀಗುತ್ತಿದ್ದೆ.

ಈ ಸಲದ ಪಟ್ಟಿ ಟೈಪು ಮಾಡಿದ್ದು ಡಿಸೆಂಬರ್ ಮೂವತ್ತಕ್ಕೆ. ಮೊದಲ ಪುಟ ಹದಿಮೂರನೆಯ ಸಾಲಿಗೆ ಮುಗಿಯಿತು. ಎರಡನೆಯ ಪುಟದ ಮೊದಲ ಸಾಲು ನಿನ್ನ ಊರು. ಮೊದಲ ಪುಟ ಹೊರಗೆಳೆದೆನೋ ಇಲ್ಲವೋ, ಜವಾನ ಬಂದು "ಅಂಚೆ ಚೀಲ ಕಟ್ತಾ ಇದೀನಿ ಸಾರ್, ಮಗಳಿಗೆ ಕಾಗದ ಇದ್ರೆ ಕೊಡಿ" ಎಂದ. ಬರೆದದ್ದು ಜೇಬಿನಲ್ಲೇ ಇತ್ತು. ಲಕೋಟೆಯನ್ನು ಯಂತ್ರಕ್ಕೆ ಸೇರಿಸಿ ನಿನ್ನ ಹೆಸರು, ಬೀದಿ, ಊರು ಟೈಪು ಮಾಡಿ ಅವನ ಕೈಗೆ ಕೊಟ್ಟೆ. ಆಮೇಲೆ ಎರಡನೆಯ ಪುಟ ಏರಿಸಿದೆ. ಆ ಊರು ಆಗಿದೆ ಎಂದಿತು ಕೈ. ಆಗಿತ್ತು, ಲಕೋಟೆಯ ಮೇಲೆ. ನಾನು ಅದರ ಮುಂದಿನ ಊರಿನಿಂದ ಶುರುಮಾಡಿದೆ.

ತಾಳೆ ನೋಡಲಿಲ್ಲವೇ ಎಂದು ಕೇಳುತ್ತೀ, ಗಣಿತದ ಮೇಡಮ್ಮು. ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಇಬ್ಬರು ಸೇರಿ ಓದಬೇಕೆಂಬುದು ನಮ್ಮ ಪದ್ಧತಿ. ಮೇಲಿನಿಂದ ಓದಿದರೆ ರೂಢಿಯ ಕಣ್ಣು ಜಾರುತ್ತದೆ. ನನ್ನ ಜೊತೆ ತಾಳೆ ಓದುವ ಕಚೇರಿಯ ಅಕ್ಕನಿಗೆ ಅವತ್ತು ಜ್ವರ. ಒಬ್ಬನೇ ಏನು ಓದುವುದೆಂದು ಸಾಲುಗಳನ್ನು ಎಣಿಸಿದೆ. ಹೋದ ವರ್ಷ ಇಪ್ಪತ್ತಾರು, ಈ ವರ್ಷವೂ ಇಪ್ಪತ್ತಾರು, ಸರಿ ಎಂದು ಬಿಟ್ಟೆ. ಈ ವರ್ಷ ಹೊಸದೊಂದು ಸ್ಥಾವರ ಸೇರಿ ಇಪ್ಪತ್ತೇಳಾಗಬೇಕಿತ್ತು ಎಂಬುದು ತಲೆಗೆ ಹೊಳೆಯಲೇ ಇಲ್ಲ. ಸಾಹೇಬರು ಪಟ್ಟಿಯ ಮೇಲಿಡುವ ಪತ್ರಕ್ಕೆ ಅಲ್ಪವಿರಾಮ ಸೇರಿಸಿದರು, ಪಟ್ಟಿಯನ್ನು ನೋಡಲಿಲ್ಲ. ನಾನು ಟೈಪು ಮಾಡಿದ್ದನ್ನು ಯಾರೂ ನೋಡುತ್ತಿರಲಿಲ್ಲ, ಅಂಥ ಹೆಸರು ಮಾಡಿಟ್ಟುಕೊಂಡಿದ್ದೆ.

ಜನವರಿ ಎರಡನೆಯ ವಾರ ಏನೇನಾಯಿತೆಂದು ನಿನಗೆ ನೆನಪಿದೆ. ಪಕ್ಕದ ದೇಶದವರು ಪರೀಕ್ಷೆಗೆಂದು ಕ್ಷಿಪಣಿ ಹಾರಿಸಿದರು, ನಾವು ಅದಕ್ಕಿಂತ ದೂರ ಹೋಗುವುದನ್ನು ಹಾರಿಸಿದೆವು. ಗಡಿಗೆ ಸೈನ್ಯದ ರೈಲುಗಳು ಹೋದವು. ನಮ್ಮ ಬೀದಿಯ ಔಷಧಿ ಅಂಗಡಿಯವನು ಎಲ್ಲರಿಗೂ ಅಣುವಿಕಿರಣಕ್ಕೆ ನುಂಗುವ ಅಯೋಡಿನ್ ಮಾತ್ರೆಯ ಬಗ್ಗೆ ಭಾಷಣ ಮಾಡುತ್ತಿದ್ದ. ಇಪ್ಪತ್ತನೆಯ ತಾರೀಕು ರೇಡಿಯೋ ಕೇಳಿ ಮನಸ್ಸು ತಡೆಯದೆ, ಕಚೇರಿಯ ಕಪಾಟಿನಿಂದ ಪಟ್ಟಿಯ ಕಾರ್ಬನ್ ಪ್ರತಿ ತೆಗೆದೆ. ತಪ್ಪು ಹುಡುಕಲು ಅಲ್ಲ. ನಿನ್ನ ಊರು ಅಲ್ಲಿದೆ ಎಂದು ಒಂದು ಸಲ ಕಣ್ಣಾರೆ ನೋಡಿ ಸಮಾಧಾನ ಪಡೋಣವೆಂದು.

ಇರಲಿಲ್ಲ. ಮೇಲಿನಿಂದ ಓದಿದೆ, ಕೆಳಗಿನಿಂದ ಓದಿದೆ, ಬೆರಳಿಟ್ಟು ಓದಿದೆ. ಅವತ್ತು ಸಂಜೆಯೇ ನಿನಗೆ ಫೋನು ಮಾಡಿದೆ.

ನೀನು ಹೊರಟ ಬೆಳಗ್ಗೆ, ನಿಲ್ದಾಣದಿಂದ ನೇರ ಸಾಹೇಬರ ಕೋಣೆಗೆ ಹೋದೆ. ಕೂತುಕೊಳ್ಳಿ ಎನ್ನುವ ಮೊದಲೇ ಎಲ್ಲ ಹೇಳಿಬಿಟ್ಟೆ. ಅವರು ಲೇಖನಿಯ ಮುಚ್ಚಳ ಹಾಕಿ ಕೆಳಗಿಟ್ಟರು.

"ನೀವಾ? ನೀವು ಹೀಗೆ ಮಾಡಿದ್ರಾ?" ಎಂದರು. ಆಮೇಲೆ, "ಈಗ ತಿದ್ದುಪಡಿ ಕಳಿಸಿದ್ರೆ, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಗುತ್ತಲ್ರೀ. ಇಷ್ಟು ದಿನ ಬಿಟ್ಟು ಈ ಒಂದೇ ಊರು ಯಾಕೆ ನೆನಪಾಯ್ತು, ಅಲ್ಲೇನು ಬಚ್ಚಿಟ್ಟಿದಾರೆ ಅಂತ ಕೇಳಲ್ವಾ ಅವರು?"

"ಕಳಿಸದೇ ಇದ್ರೆ ಸಾರ್?"

"ಕಳಿಸದೇ ಇದ್ರೆ, ಪಟ್ಟೀಲಿ ಇರಲಿಲ್ಲ, ಹೊಡೆದ್ವಿ ಅಂತಾರೆ. ತಪ್ಪೂ ಅವರದಾಗಲ್ಲ."

ಎರಡು ದಿನ ದೊಡ್ಡವರೆಲ್ಲ ಬಾಗಿಲು ಹಾಕಿಕೊಂಡು ಮಾತಾಡಿದರು. ನಾನು ಹೊರಗಿನ ಬೆಂಚಿನ ಮೇಲೆ ಚಹಾ ಆರಿಸಿಕೊಂಡು ಕೂತಿದ್ದೆ. ಕೊನೆಗೆ ತಿದ್ದುಪಡಿ ಕಳಿಸುವುದೆಂದಾಯಿತು. ಟೈಪು ಮಾಡಿದವನು ನಾನೇ. ಜ್ವರ ಬಿಟ್ಟು ಎದ್ದಿದ್ದ ಅಕ್ಕ ಪಕ್ಕದಲ್ಲಿ ಕೂತು ಆ ಒಂದು ಸಾಲನ್ನು ನಾಲ್ಕು ಸಲ ಓದಿಸಿದಳು.

ಹನ್ನೊಂದು ದಿನದ ಮೇಲೆ ಆಚೆಯ ದೇಶದಿಂದ ಉತ್ತರ ಬಂತು. "ಕಳೆದ ವರ್ಷದ ಪಟ್ಟಿಯಲ್ಲಿದ್ದ ಈ ಸ್ಥಳವು ಈ ವರ್ಷದ ಪಟ್ಟಿಯಲ್ಲಿ ಇಲ್ಲದಿರುವುದನ್ನು ನಮ್ಮ ಕಚೇರಿ ಜನವರಿ ಎರಡರಂದೇ ಗಮನಿಸಿತು. ಅದನ್ನು ಕೈತಪ್ಪೆಂದು ಭಾವಿಸಿ, ಸ್ಥಳವನ್ನು ಪಟ್ಟಿಯಲ್ಲಿ ಸೇರಿಸಿಕೊಂಡಿದ್ದೇವೆ."

ಸಾಹೇಬರು ಅದನ್ನು ಓದಿ, ಇದರಲ್ಲಿ ಏನೋ ಹುನ್ನಾರವಿದೆ ಎಂದರು. ಇರಬಹುದು. ನನಗೆ ಮಾತ್ರ ಆಚೆ ಕೂತಿರುವ ಒಬ್ಬ ಗುಮಾಸ್ತ ಕಂಡ. ಹೋದ ವರ್ಷದ ಪಟ್ಟಿಯನ್ನೂ ಈ ವರ್ಷದ್ದನ್ನೂ ಪಕ್ಕಪಕ್ಕ ಇಟ್ಟುಕೊಂಡು, ಅಂಗಿಯ ತೋಳಿಗೆ ಮಸಿ ಮಾಡಿಕೊಂಡು, ಒಂದು ಸಾಲು ಕಡಿಮೆಯಿದೆಯಲ್ಲ ಎಂದು ತನ್ನ ಸಾಹೇಬರ ಮುಂದೆ ನಿಂತವನು. ಅವನಿಗೆ ನೀನು ಯಾರೋ, ನಾನು ಯಾರೋ. ಸುಮ್ಮನಿದ್ದರೂ ಅವನನ್ನು ಕೇಳುವವರಿರಲಿಲ್ಲ. ಅವನಿಗೊಂದು ಕಾಗದ ಬರೆಯಬೇಕೆನಿಸುತ್ತದೆ, ವಿಳಾಸ ಗೊತ್ತಿಲ್ಲ.

ಯಾರೂ ನನಗೆ ಶಿಕ್ಷೆ ಕೊಡಲಿಲ್ಲ. ನಾನೇ ಈ ತಿಂಗಳ ಕೊನೆಗೆ ಬಿಡುತ್ತೇನೆಂದು ಬರೆದುಕೊಟ್ಟೆ. ಸಾಹೇಬರು ಅದಕ್ಕೆ ಒಂದೂ ಅಲ್ಪವಿರಾಮ ಸೇರಿಸದೆ ಸಹಿ ಹಾಕಿದರು. ಅವರಿಗೂ ಬೇಸರವಾಗಿತ್ತು ಅಂತ ಕಾಣುತ್ತದೆ.

ಸಂದರ್ಶನ ಹೋಯಿತು, ಅದನ್ನು ನಾನು ತಂದುಕೊಡಲಾರೆ. ಮುಂದಿನ ವರ್ಷ ಮತ್ತೆ ಅರ್ಜಿ ಹಾಕು. ನಿನಗೆ ಸಿಗುತ್ತದೆ, ನಿನ್ನಷ್ಟು ಗಟ್ಟಿ ಗಂಟಲು ಆ ಶಾಲೆಯಲ್ಲಿ ಯಾರಿಗಿದೆ? ಬೈಯಬೇಕೆನಿಸಿದರೆ ಬೈದಾದರೂ ಬರೆ. ನೂರು ಕಾಲ ಬಾಳು ತಾಯೀ. ನಿನ್ನ ಊರು ತಣ್ಣಗಿರಲಿ.

ಇಂತಿ,
ನಿನ್ನ ಅಪ್ಪ

ತಾ.ಕ.: ಅಳಿಯಂದಿರು ಸ್ನಾನಕ್ಕೆ ಹೋಗಿದ್ದಾರೆ, ಲಕೋಟೆ ಇನ್ನೂ ಅಂಟಿಸಿಲ್ಲ. ಮೇಲೆ ಬರೆದದ್ದರಲ್ಲಿ ಸುಳ್ಳಿಲ್ಲ, ಆದರೆ ಒಂದನ್ನು ಬಿಟ್ಟಿದ್ದೇನೆ, ಈ ಸಲ ಗೊತ್ತಿದ್ದೇ ಬಿಟ್ಟಿದ್ದು. ಅವತ್ತು ಫೋನಿನಲ್ಲಿ ನೀನು, "ಅತ್ತೆನೂ ಬರ್ತಾರಂತೆ ಅಪ್ಪಾ, ನಿಮ್ಮನ್ನ ನೋಡ್ಬೇಕಂತೆ, ಆಗ್ಲೇ ಚೀಲ ತುಂಬ್ಕೊಂಡಿದಾರೆ" ಎಂದೆ. "ಬೇಡ, ನೀನೊಬ್ಬಳೇ ಬಾ" ಎಂದೆ ನಾನು. ಬೀಗಿತ್ತಿಯನ್ನು ಕಂಡರೆ ಅಪ್ಪನಿಗಾಗದು ಎಂದು ನೀನು ತಿಳಿದೆ. ಅದಲ್ಲ. ಮನೆಮಂದಿಯೆಲ್ಲ ಹೊರಟರೆ ಯಾರಾದರೂ ಯಾಕೆಂದು ಕೇಳುತ್ತಾರೆ, ಕೇಳಿದರೆ ನನ್ನ ತಪ್ಪು ಹೊರಗೆ ಬೀಳುತ್ತದೆ ಎಂದು ಹೆದರಿದೆ. ನೀನು ಇಲ್ಲಿದ್ದ ನಾಲ್ಕು ದಿನವೂ ನಾನು ಕಚೇರಿಗೆ ಹೋಗಿದ್ದೆ. ಸಾಹೇಬರ ಕೋಣೆ ನನ್ನ ಮೇಜಿನಿಂದ ಹತ್ತು ಹೆಜ್ಜೆ. ನಾನು ಏಳಲಿಲ್ಲ. ಮನೆಗೆ ಬಂದು ನೀನು ಸಿಡುಕುವುದನ್ನು ಕೇಳುತ್ತಾ ಊಟ ಮಾಡಿದೆ, ನಿದ್ದೆಯೂ ಚೆನ್ನಾಗಿ ಬಂತು. ಆ ಊರಿನಲ್ಲಿ ಜನರಿದ್ದಾರೆ ಎಂದು ನನಗೆ ಹೊಳೆದದ್ದು ನಿನ್ನ ರೈಲು ಹೊರಟ ಮೇಲೆ. ಈಗ ಬಚ್ಚಲಿನಿಂದ ಅಳಿಯಂದಿರು, "ಮಾವ, ಸೋಪು ಎಲ್ಲಿದೆ?" ಎಂದು ಕೂಗುತ್ತಿದ್ದಾರೆ. ಜನವರಿಯ ಆ ನಾಲ್ಕು ದಿನ ಅವರೂ ಆ ಊರಲ್ಲೇ ಇದ್ದರು ಮಗಳೇ. ಎದ್ದು ಸೋಪು ಕೊಡಬೇಕು, ಅವರ ಮುಖ ಹೇಗೆ ನೋಡಲಿ?